ತಟ್ಟೆ ಸರಿಸುವ ಮುನ್ನ

ಪದವಿ ಓದುವಾಗ ಹಾಸ್ಟೆಲ್‌ನಲ್ಲಿ ರಾತ್ರಿ ಊಟ ಬಿಟ್ಟಿದ್ದೆ. ಮೊಬೈಲ್‌ನಲ್ಲಿ ಕಾಣುವ ಮಾಡೆಲ್‌ಗಳಂತೆ ತೆಳ್ಳಗಾಗುವ ಹುಚ್ಚು. ಸಣ್ಣಗಾಗಿದ್ದೀಯ ಎಂದು ಗೆಳತಿಯರು ಹೇಳಿದರೆ ಹಿಗ್ಗುತ್ತಿದ್ದೆ. ಆಗಲೇ ಗಾಯಕಿ ಕ್ಯಾರನ್ ಕಾರ್ಪೆಂಟರ್ ಕಥೆ ಓದಿದ್ದು.

1950ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಕೆಗೆ ಡ್ರಮ್ಸ್ ಎಂದರೆ ಪ್ರಾಣ. ಅಣ್ಣ ರಿಚರ್ಡ್ ಜೊತೆ ಕಟ್ಟಿದ ಕಾರ್ಪೆಂಟರ್ಸ್ ತಂಡ 1970ರಲ್ಲಿ ಮನೆಮಾತಾಯಿತು. ಡ್ರಮ್ಸ್ ಹಿಂದೆ ಕೂತು ಹಾಡುತ್ತಿದ್ದವಳನ್ನು ವೇದಿಕೆಯ ಮುಂದಕ್ಕೆ ತಂದು ನಿಲ್ಲಿಸಿದರು. ಫೋಟೊಗಳಲ್ಲಿ ತಾನು ದಪ್ಪ ಕಾಣುತ್ತೇನೆ ಎಂಬ ಕೊರಗು ಅಂಟಿಕೊಂಡಿತು. 1975ರಲ್ಲಿ ತೂಕ ಸುಮಾರು 41 ಕೆ.ಜಿ.ಗೆ ಇಳಿದು, ಸಂಗೀತ ಪ್ರವಾಸವೇ ರದ್ದಾಯಿತು. ಅನೊರೆಕ್ಸಿಯಾ ಎಂಬ ಕಾಯಿಲೆಯ ಹೆಸರೂ ಆಗ ಬಹಳ ಜನಕ್ಕೆ ಗೊತ್ತಿರಲಿಲ್ಲ. 1982ರಲ್ಲಿ ನ್ಯೂಯಾರ್ಕ್‌ನಲ್ಲಿ ಚಿಕಿತ್ಸೆ ಪಡೆದು ತೂಕ ಹೆಚ್ಚಿಸಿಕೊಂಡಳು. ಆದರೆ ವರ್ಷಗಟ್ಟಲೆ ಉಪವಾಸ ಕೆಡವಿದ ದೇಹದಲ್ಲಿ ಹೃದಯ ಸೋತುಹೋಗಿತ್ತು. 1983ರ ಫೆಬ್ರುವರಿ 4ರಂದು ಹೆತ್ತವರ ಮನೆಯಲ್ಲಿ ಕುಸಿದು ತೀರಿಕೊಂಡಾಗ ಆಕೆಗಿನ್ನೂ 32 ವರ್ಷ. ಆ ಸಾವಿನ ನಂತರ ಜನ ಈ ಕಾಯಿಲೆಯ ಬಗ್ಗೆ ಬಾಯಿಬಿಟ್ಟು ಮಾತಾಡತೊಡಗಿದರು.

ಅಂದು ರಾತ್ರಿ ಮೆಸ್‌ಗೆ ಹೋಗಿ ಅನ್ನ ಸಾರು ಬಡಿಸಿಕೊಂಡೆ. ಮೊದಲ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿಕೊಂಡೆ. ಅವಳೇ ವೈದ್ಯರ ಬಳಿ ಕರೆದೊಯ್ದಳು. ನೀವೂ ತಟ್ಟೆ ಸರಿಸುತ್ತಿದ್ದರೆ, ದಯವಿಟ್ಟು ಇಂದೇ ಯಾರಿಗಾದರೂ ಹೇಳಿ.