ಗಾಜಿನ ಪೆಟ್ಟಿಗೆಯಲ್ಲಿ ಧ್ರುವಪ್ರಭೆ

ಉತ್ತರ ಧ್ರುವಕ್ಕೆ ಸಮೀಪದ ನಾಡುಗಳಲ್ಲಿ ಚಳಿಗಾಲದ ರಾತ್ರಿ ಬಹಳ ದೀರ್ಘವಾದುದು. ಆ ಕತ್ತಲ ಆಕಾಶದಲ್ಲಿ ಒಮ್ಮೊಮ್ಮೆ ಹಸುರು, ಕೆಂಪು ಬಣ್ಣಗಳ ಬೆಳಕು ತೆರೆಯಂತೆ ತೂಗಾಡುತ್ತದೆ; ನೋಡುತ್ತಿದ್ದಂತೆಯೇ ಸುರುಳಿಗೊಂಡು ಮಾಯವಾಗುತ್ತದೆ. ಇದೇ ಧ್ರುವಪ್ರಭೆ. ಜನರು ಇದನ್ನು ಕಂಡು ಬೆರಗಾಗಿದ್ದರು, ಹೆದರಿದ್ದರು, ಕಥೆಗಳನ್ನು ಕಟ್ಟಿದ್ದರು. ಇಂತಹ ಬೆಳಕನ್ನು ಪ್ರಯೋಗಶಾಲೆಯಲ್ಲಿಯೇ ಉಂಟುಮಾಡಿ ಅದರ ಮರ್ಮವನ್ನರಿಯಲು ಹೊರಟವನು ನಾರ್ವೆ ದೇಶದ ಕ್ರಿಸ್ಟಿಯನ್ ಬಿರ್ಕೆಲ್ಯಾಂಡ್.

ಬಿರ್ಕೆಲ್ಯಾಂಡ್ 1867ರ ಡಿಸೆಂಬರ್ 13ರಂದು ಇಂದಿನ ಆಸ್ಲೋ ನಗರದಲ್ಲಿ ಹುಟ್ಟಿದನು. ಮೂವತ್ತರ ಹರೆಯದಲ್ಲಿಯೇ, 1898ರಲ್ಲಿ, ಅಲ್ಲಿನ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದನು. ಗಾಳಿ ತೆಗೆದ ಗಾಜಿನ ನಳಿಗೆಯಲ್ಲಿ ಹರಿಯುವ ಕ್ಯಾಥೋಡ್ ಕಿರಣಗಳು ಅಯಸ್ಕಾಂತದ ಧ್ರುವದತ್ತ ಸೆಳೆಯಲ್ಪಡುವುದನ್ನು ಅವನು ಗಮನಿಸಿದ್ದನು. ಭೂಮಿಯೂ ಒಂದು ದೊಡ್ಡ ಅಯಸ್ಕಾಂತವಲ್ಲವೇ? ಸೂರ್ಯನಿಂದ ಹೊರಟ ವಿದ್ಯುತ್ಕಣಗಳನ್ನು ಭೂಮಿ ತನ್ನ ಧ್ರುವಗಳ ಕಡೆಗೆ ಸೆಳೆದುಕೊಳ್ಳುತ್ತಿರಬಹುದು. ಅವು ವಾಯುಮಂಡಲಕ್ಕೆ ಬಡಿದಾಗ ಬೆಳಕು ಮೂಡುತ್ತಿರಬಹುದು. ಇದು ಅವನ ಊಹೆ.

ಊಹೆಗೆ ಆಧಾರ ಬೇಕಾಗಿತ್ತು. 1899ರಲ್ಲಿ ಅವನು ಉತ್ತರ ನಾರ್ವೆಯ ಹಾಲ್ಡೆ ಪರ್ವತದ ಮೇಲೆ ವೀಕ್ಷಣಾಲಯವನ್ನು ಕಟ್ಟಿಸಿದನು. ಬಿರುಗಾಳಿ ಮತ್ತು ಹಿಮದ ನಡುವೆ ಸಂಗಡಿಗರೊಡನೆ ಚಳಿಗಾಲವನ್ನು ಕಳೆದನು. ಆ ಯಾತ್ರೆಯಲ್ಲಿ ಹಿಮಪಾತಕ್ಕೆ ಸಿಕ್ಕಿ ತರುಣ ಸಹಾಯಕನೊಬ್ಬನು ಪ್ರಾಣ ಬಿಟ್ಟನು. ಆದರೂ ಕೆಲಸ ನಿಲ್ಲಲಿಲ್ಲ. 1902-03ರಲ್ಲಿ ನಾರ್ವೆ, ಐಸ್‌ಲ್ಯಾಂಡ್, ಸ್ಪಿಟ್ಸ್‌ಬರ್ಗನ್ ಮತ್ತು ನೊವಾಯ ಝೆಮ್ಲ್ಯಾಗಳಲ್ಲಿ ನಾಲ್ಕು ಠಾಣೆಗಳನ್ನು ಸ್ಥಾಪಿಸಿ, ಕಾಂತಕ್ಷೇತ್ರದ ಏರುಪೇರುಗಳನ್ನು ಏಕಕಾಲಕ್ಕೆ ಅಳೆಯಿಸಿದನು. ಧ್ರುವಪ್ರಭೆ ಮೂಡಿದಾಗ ಭೂಮಿಯ ಕಾಂತರೇಖೆಗಳ ಗುಂಟ ಆಕಾಶದಿಂದ ವಿದ್ಯುತ್ಪ್ರವಾಹಗಳು ಇಳಿದು ಮತ್ತೆ ಮೇಲೇರುತ್ತವೆ ಎಂಬ ನಿರ್ಣಯಕ್ಕೆ ಅವನು ಬಂದನು.

ಇತ್ತ ಪ್ರಯೋಗಶಾಲೆಯಲ್ಲಿ ಅವನು ಪುಟ್ಟ ಭೂಮಿಯೊಂದನ್ನು ನಿರ್ಮಿಸಿದ್ದನು. ಒಳಗೆ ವಿದ್ಯುತ್ಕಾಂತವಿದ್ದ ಆ ಲೋಹಗೋಲಕ್ಕೆ ಟೆರೆಲ್ಲಾ ಎಂದು ಹೆಸರು. ಗಾಜಿನ ಗೋಡೆಗಳ ಪೆಟ್ಟಿಗೆಯಲ್ಲಿ ಗೋಲವನ್ನಿರಿಸಿ, ಗಾಳಿಯನ್ನು ಹೊರತೆಗೆದು, ಕ್ಯಾಥೋಡ್ ಕಿರಣಗಳನ್ನು ಹರಿಯಿಸಿದಾಗ ಗೋಲದ ಎರಡು ಧ್ರುವಗಳ ಸುತ್ತ ಬೆಳಕಿನ ಬಳೆಗಳು ಹೊಳೆದವು! 1913ರ ವೇಳೆಗೆ ಅವನ ಪೆಟ್ಟಿಗೆ ಸುಮಾರು 1000 ಲೀಟರ್ ಗಾತ್ರಕ್ಕೆ ಬೆಳೆದಿತ್ತು. ಅದರಲ್ಲಿ ಶನಿಗ್ರಹದ ಬಳೆಗಳನ್ನೂ ಸೂರ್ಯಕಲೆಗಳನ್ನೂ ಹೋಲುವ ರೂಪಗಳನ್ನು ಅವನು ತೋರಿಸಿದನು.

ಸೋಲನ್ನೂ ಅವನು ವ್ಯರ್ಥವಾಗಗೊಡಲಿಲ್ಲ. 1903ರ ಮಾರ್ಚ್‌ನಲ್ಲಿ ಅವನ ವಿದ್ಯುತ್ ಫಿರಂಗಿಯ ಪ್ರದರ್ಶನ ಸಭಿಕರ ಮುಂದೆಯೇ ಕೆಟ್ಟು, ದೊಡ್ಡ ವಿದ್ಯುತ್ ಚಾಪವೊಂದು ಭುಗಿಲೆದ್ದಿತು. ಅಂತಹ ಚಾಪದ ಶಾಖದಿಂದಲೇ ಗಾಳಿಯ ನೈಟ್ರೋಜನ್ನನ್ನು ಗೊಬ್ಬರವಾಗಿಸುವ ವಿಧಾನವನ್ನು ಅವನು ಸ್ಯಾಮ್ ಐಡೆಯೊಡನೆ ರೂಪಿಸಿದನು. ಇದರಿಂದ 1905ರಲ್ಲಿ ನೋರ್ಸ್ಕ್ ಹೈಡ್ರೋ ಸಂಸ್ಥೆ ಹುಟ್ಟಿತು.

ಆದರೆ ಧ್ರುವಪ್ರಭೆಯ ಸಿದ್ಧಾಂತವನ್ನು ಹಲವು ಪಂಡಿತರು ಒಪ್ಪಲಿಲ್ಲ. ಆಕಾಶವು ಬರಿದಾದುದು, ಅಲ್ಲಿ ಪ್ರವಾಹ ಹೇಗೆ ಹರಿದೀತು ಎಂಬುದು ಅವರ ಆಕ್ಷೇಪ. ಮುಂದೆ ಬ್ರಿಟನ್ನಿನ ಸಿಡ್ನಿ ಚಾಪ್‌ಮನ್, ಈ ಪ್ರವಾಹಗಳು ವಾಯುಮಂಡಲದೊಳಗೇ ಸುತ್ತುತ್ತವೆ ಎಂದು ವಾದಿಸಿದನು. ಆ ವಾದವೇ ದಶಕಗಳ ಕಾಲ ಮನ್ನಣೆ ಪಡೆಯಿತು. ಈ ನಡುವೆ ಈಜಿಪ್ಟಿಗೆ ಹೋಗಿ ಸಂಶೋಧನೆ ಮುಂದುವರಿಸಿದ್ದ ಬಿರ್ಕೆಲ್ಯಾಂಡ್, ಮಹಾಯುದ್ಧದ ಕಾರಣ ಜಪಾನಿನ ಸುತ್ತುದಾರಿಯಿಂದ ತಾಯ್ನಾಡಿಗೆ ಮರಳಲೆಳಸಿದನು. ನಿದ್ರೆಗಾಗಿ ಸೇವಿಸುತ್ತಿದ್ದ ಔಷಧ ಮಿತಿಮೀರಿ, 1917ರ ಜೂನ್ 15ರಂದು ಟೋಕಿಯೋದ ಹೋಟೆಲೊಂದರಲ್ಲಿ ಮೃತನಾದನು. ಆಗ ಅವನಿಗೆ 49 ವರ್ಷ.

ಸತ್ಯ ಹೊರಬರಲು ಅರ್ಧ ಶತಮಾನ ಹಿಡಿಯಿತು. 1963ರಲ್ಲಿ ಹಾರಿಸಿದ ಅಮೆರಿಕದ ಉಪಗ್ರಹವೊಂದು ಸುಮಾರು 1100 ಕಿಲೋಮೀಟರ್ ಎತ್ತರದಲ್ಲಿ ಕಾಂತಕ್ಷೇತ್ರದ ವಿಚಿತ್ರ ಕದಲಿಕೆಗಳನ್ನು ಗುರುತಿಸಿತು. ಅವು ಬಿರ್ಕೆಲ್ಯಾಂಡ್ ಹೇಳಿದ ಪ್ರವಾಹಗಳ ಗುರುತುಗಳೇ ಎಂಬುದು 1967ರಲ್ಲಿ ಮನವರಿಕೆಯಾಯಿತು. ಇಂದು ಅವುಗಳಿಗೆ ಅವನ ಹೆಸರೇ ಇದೆ. ಅವನ ಊಹೆಯೆಲ್ಲವೂ ಸರಿಯಾಗಿರಲಿಲ್ಲ. ಕಣಗಳು ಸೂರ್ಯನಿಂದ ನೇರವಾಗಿ ಬಂದು ಬೀಳುವುದಿಲ್ಲ, ಭೂಮಿಯ ಕಾಂತಾವರಣದಲ್ಲಿ ವೇಗ ಪಡೆದು ಇಳಿಯುತ್ತವೆ. ಆದರೆ ಆಕಾಶವು ಬರಿದಲ್ಲ, ಅಲ್ಲಿ ವಿದ್ಯುತ್ಕಣಗಳು ತುಂಬಿವೆ ಎಂಬ ಅವನ ಮಾತು ನಿಜವಾಯಿತು. ಈ ಕಣಗಳ ಅನಿಲರೂಪವನ್ನು ಇಂದು ಪ್ಲಾಸ್ಮಾ ಎನ್ನುತ್ತಾರೆ. ನಕ್ಷತ್ರಗಳ ನಡುವಿನ ಪ್ಲಾಸ್ಮಾದ ತಳಮಳವನ್ನು ನಿರ್ವಾತ ಪಾತ್ರೆಗಳಲ್ಲಿ ಮರುಸೃಷ್ಟಿಸಿ ಅರಿಯುವ ವಿಜ್ಞಾನಿಗಳು ತುಳಿಯುತ್ತಿರುವುದು ಆ ಗಾಜಿನ ಪೆಟ್ಟಿಗೆ ತೆರೆದ ದಾರಿಯನ್ನೇ.