ಮರಳಲ್ಲಿ ಅಕ್ಷರ ತಿದ್ದಿದ ಜೀಗನ್‌ಬಾಲ್ಗ್

1706ರ ಜುಲೈ. ತಮಿಳು ಕರಾವಳಿಯ ತರಂಗಂಬಾಡಿ ಆಗ ಡೇನಿಷರ ವ್ಯಾಪಾರದ ಕೋಟೆ. ಡೆನ್ಮಾರ್ಕಿನ ಲೂಥರನ್ ದೊರೆ ನಾಲ್ಕನೇ ಫ್ರೆಡರಿಕ್ ಕಳಿಸಿದ ಇಬ್ಬರು ಜರ್ಮನ್ ಪಾದ್ರಿಗಳು ಅಲ್ಲಿ ಬಂದಿಳಿದರು. ಅವರಲ್ಲಿ ಬಾರ್ತಲೋಮಿಯಸ್ ಜೀಗನ್‌ಬಾಲ್ಗ್‌ಗೆ 24ರ ಆಸುಪಾಸು, ಈಗಷ್ಟೇ ಡಿಗ್ರಿ ಮುಗಿಸಿ ಕೆಲಸ ಹುಡುಕುವ ನಮ್ಮದೇ ವಯಸ್ಸು.

ಭಾಷೆ ಬಾರದು. ಊರಿನ ಉಪಾಧ್ಯಾಯರನ್ನು ಒಪ್ಪಿಸಿ, ಅವರ ಶಾಲೆಯನ್ನು ತನ್ನ ಮನೆಯಲ್ಲೇ ನಡೆಸಿದ. ಚಿಕ್ಕ ಮಕ್ಕಳ ಸಾಲಿನಲ್ಲಿ ಕೂತು ಮರಳಿನ ಮೇಲೆ ತಮಿಳು ಅಕ್ಷರ ತಿದ್ದಿದ.

ಕೋಟೆಯ ಅಧಿಕಾರಿಯೊಂದಿಗೆ ಜಗಳವಾಗಿ ನಾಲ್ಕು ತಿಂಗಳು ಸೆರೆಯಲ್ಲಿದ್ದ. ಸೆರೆಗೆ ಹಾಕಿದವರು ಅವನನ್ನು ಕಳಿಸಿದ ದೇಶದವರೇ!

ನೆರವು ಬಂದದ್ದು ಸಮುದ್ರದಾಚೆಯಿಂದ. ಲಂಡನ್ನಿನ ಆಂಗ್ಲಿಕನ್ ಸಂಘವೊಂದು ಮುದ್ರಣಯಂತ್ರ ಕೊಟ್ಟಿತು. ಅವನು ಓದಿದ ಜರ್ಮನಿಯ ಹಾಲೆಯ ಲೂಥರನ್ನರು 1713ರಲ್ಲಿ ತಮಿಳು ಅಚ್ಚುಮೊಳೆ ಕಳಿಸಿದರು. ಆದರೆ ಮೊಳೆಗಳು ತೀರಾ ದೊಡ್ಡವು, ಕಾಗದ ಸಾಲದು. ತರಂಗಂಬಾಡಿಯಲ್ಲೇ ಸಣ್ಣ ಮೊಳೆ ಎರಕ ಹೊಯ್ದು, 1715ರ ಹೊತ್ತಿಗೆ ತಮಿಳು ಹೊಸ ಒಡಂಬಡಿಕೆ ಮುಗಿಸಿದರು.

ಪ್ರತಿಯಾಗಿ ಆತನೂ ಒಂದನ್ನು ಕಳಿಸಿದ್ದ. ಇಲ್ಲಿಯವರನ್ನು ಕೇಳಿ, ಓದಿ ಬರೆದ ದಕ್ಷಿಣ ಭಾರತದ ದೇವತೆಗಳ ಕುರಿತ ಗ್ರಂಥ. ಮತ ಸಾರಲು ಹೋದವನು ಅವರ ದೇವರುಗಳ ಬಗ್ಗೆ ಯುರೋಪಿಗೆ ಹೇಳುವುದೇ? ಹಾಲೆಯ ಹಿರಿಯರು ಅಚ್ಚು ಹಾಕಿಸಲಿಲ್ಲ. ನಮ್ಮದನ್ನು ತೆಗೆದುಕೊಳ್ಳಿ, ನಿಮ್ಮದು ನಮಗೆ ಬೇಡ ಎಂಬಂತಿತ್ತು ಆ ಪಾಲುದಾರಿಕೆ. ಕೊಪೆನ್‌ಹೇಗನ್ನಿನ ಮಿಷನ್ ಕಚೇರಿಯೋ, ಖರ್ಚಿನ ಬಗ್ಗೆ ಕಟುವಾಗಿ ಬರೆಯುತ್ತಲೇ ಇತ್ತು.

1719ರ ಫೆಬ್ರವರಿಯಲ್ಲಿ, 36ನೇ ವಯಸ್ಸಿಗೇ ಆತ ತೀರಿಕೊಂಡ. ತಾನೇ ಕಟ್ಟಿಸಿದ ನ್ಯೂ ಜೆರುಸಲೇಮ್ ಚರ್ಚಿನಲ್ಲಿ ಸಮಾಧಿಯಿದೆ. ಆ ಗ್ರಂಥ ಅಚ್ಚಾದದ್ದು 1867ರಲ್ಲಿ, ಅದೂ ಮದ್ರಾಸಿನಲ್ಲಿ.