ನೂಲು ಕೊಟ್ಟವರಿಗೆ ಸಿಕ್ಕಿದ್ದೆಷ್ಟು?

ಕಲಬುರಗಿಯಲ್ಲಿ ಎಂ.ಎಸ್.ಕೆ. ಮಿಲ್ ಎಂದರೆ ಎಲ್ಲ ಆಟೋದವರಿಗೂ ಗೊತ್ತು. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಅವರ ಹೆಸರು ಹೊತ್ತಿದ್ದ ಆ ಬಟ್ಟೆ ಗಿರಣಿ ಮುಚ್ಚಿ ಬಹಳ ವರ್ಷವಾಯಿತು, ಬಡಾವಣೆಗೆ ಹೆಸರು ಮಾತ್ರ ಉಳಿದಿದೆ. ನಮ್ಮ ದಾದಾ ಅಲ್ಲಿ ನೂಲುವ ವಿಭಾಗದಲ್ಲಿ ಕೆಲಸ ಮಾಡಿದವರು. ಒಬ್ಬನೇ ನೂರಾರು ಕದಿರು ನೋಡಿಕೊಳ್ಳುತ್ತಿದ್ದೆ ಎಂದು ಹೇಳುತ್ತಿದ್ದರು. ಚರಕಕ್ಕೆ ಇರುವುದು ಒಂದೇ ಕದಿರು. ಒಂದು ಇದ್ದದ್ದು ನೂರಾರು ಆದದ್ದು ಹೇಗೆ ಎಂದು ಓದುತ್ತಾ ಹೋದಾಗ ನನಗೆ ಸಿಕ್ಕ ಹೆಸರು ಸ್ಯಾಮ್ಯುಯೆಲ್ ಕ್ರಾಂಪ್ಟನ್. ಅವರ ಯಂತ್ರದ ಕಥೆ ಚೆನ್ನಾಗಿದೆ. ಆದರೆ ಕಾಮರ್ಸ್ ಓದುವ ನನ್ನನ್ನು ಹೆಚ್ಚು ಹಿಡಿದದ್ದು ಅದರ ಲೆಕ್ಕದ ಕಥೆ.

ಕ್ರಾಂಪ್ಟನ್ 1753ರ ಡಿಸೆಂಬರ್ 3ರಂದು ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತ್ಯದ ಬೋಲ್ಟನ್ ಊರಿನ ಹತ್ತಿರ ಹುಟ್ಟಿದರು. ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ಹಳೆಯ ದೊಡ್ಡ ಮನೆಯೊಂದರ ಒಂದು ಭಾಗದಲ್ಲಿ ತಾಯಿಯ ಜೊತೆ ಬಾಡಿಗೆಗೆ ಇದ್ದರು. ತಾಯಿ ಬಹಳ ಕಟ್ಟುನಿಟ್ಟು. ದಿನಕ್ಕೆ ಇಷ್ಟು ನೂಲು ಆಗಲೇಬೇಕು ಎಂದರೆ ಆಗಲೇಬೇಕು.

ಆಗ ಎರಡು ಹೊಸ ಯಂತ್ರಗಳು ಬಂದಿದ್ದವು. ಜೇಮ್ಸ್ ಹಾರ್ಗ್ರೀವ್ಸ್ ಅವರ ಸ್ಪಿನ್ನಿಂಗ್ ಜೆನ್ನಿಯಲ್ಲಿ ಮೊದಲಿಗೆ 8 ಕದಿರುಗಳಿದ್ದವು. ಅದರ ನೂಲು ಹೊಕ್ಕಿಗೆ ಸರಿ, ಆದರೆ ಹಾಸಿಗೆ ಬೇಕಾದಷ್ಟು ಗಟ್ಟಿ ಇರಲಿಲ್ಲ. ರಿಚರ್ಡ್ ಆರ್ಕ್‌ರೈಟ್ 1769ರಲ್ಲಿ ಪೇಟೆಂಟ್ ಪಡೆದ ವಾಟರ್ ಫ್ರೇಮ್ ಗಟ್ಟಿ ನೂಲು ಕೊಡುತ್ತಿತ್ತು, ಆದರೆ ಅದು ದಪ್ಪ. ಕ್ರಾಂಪ್ಟನ್ ಜೆನ್ನಿಯಲ್ಲಿ ನೂಲುತ್ತಿದ್ದರು. ಎಳೆ ಪದೇ ಪದೇ ಹರಿಯುತ್ತಿತ್ತು. ಗಂಟು ಹಾಕಿ ಹಾಕಿ ಬೇಸತ್ತು, ತಾವೇ ಒಂದು ಯಂತ್ರ ಮಾಡಲು ಕೂತರು.

1774ರ ಸುಮಾರಿಗೆ ಶುರುವಾದ ಕೆಲಸ 1779ರಲ್ಲಿ ಮುಗಿಯಿತು. ಹಗಲು ನೂಲುವುದು, ರಾತ್ರಿ ಯಂತ್ರದ ಕೆಲಸ. ಸಾಮಾನು ಕೊಳ್ಳಲು ಬೋಲ್ಟನ್ನಿನ ನಾಟಕಶಾಲೆಯಲ್ಲಿ ಪಿಟೀಲು ಬಾರಿಸಿ ಹಣ ಕೂಡಿಸಿದರು. ಅವರ ಯಂತ್ರದಲ್ಲಿ ಜೋಡಿ ರೋಲರ್‌ಗಳು ಹತ್ತಿಯ ಎಳೆಯನ್ನು ಸಣ್ಣಗೆ ಎಳೆದು ಬಿಡುತ್ತವೆ. ಕದಿರುಗಳು ಗಾಲಿಯ ಗಾಡಿಯ ಮೇಲೆ ಇರುತ್ತವೆ. ಗಾಡಿ ಹಿಂದೆ ಸರಿಯುತ್ತಾ ಎಳೆಯನ್ನು ಇನ್ನೂ ಹಿಗ್ಗಿಸಿ ಹುರಿ ಮಾಡುತ್ತದೆ, ಮುಂದೆ ಬರುವಾಗ ನೂಲನ್ನು ಕದಿರಿಗೆ ಸುತ್ತುತ್ತದೆ. ನೂಲು ಸಣ್ಣ, ಜೊತೆಗೆ ಗಟ್ಟಿ. ಎರಡು ಯಂತ್ರಗಳ ಗುಣ ಸೇರಿದ್ದಕ್ಕೆ ಜನ ಇದನ್ನು ಮ್ಯೂಲ್ ಎಂದು ಕರೆದರು. ಮ್ಯೂಲ್ ಎಂದರೆ ಹೇಸರಗತ್ತೆ, ನಮ್ಮ ಮನೆಯ ಮಾತಿನಲ್ಲಿ ಖಚ್ಚರ್.

ಅದೇ ವರ್ಷ ಕೂಲಿ ಹೋಗುತ್ತದೆ ಎಂಬ ಭಯದಿಂದ ಲ್ಯಾಂಕಾಷೈರಿನಲ್ಲಿ ಜನ ಯಂತ್ರಗಳನ್ನು ಒಡೆಯುತ್ತಿದ್ದರು. ಕ್ರಾಂಪ್ಟನ್ ತಮ್ಮ ಯಂತ್ರವನ್ನು ಬಿಚ್ಚಿ ಅಟ್ಟದಲ್ಲಿ ಅಡಗಿಸಿಟ್ಟರು. ಗಲಾಟೆ ತಣ್ಣಗಾದ ಮೇಲೆ ಇನ್ನೊಂದು ಕಾಟ ಶುರುವಾಯಿತು. ಇಷ್ಟು ಸಣ್ಣ ನೂಲು ಎಲ್ಲಿಂದ ಬರುತ್ತಿದೆ ಎಂದು ನೋಡಲು ಜನ ಏಣಿ ಹಾಕಿ ಕಿಟಕಿಯಲ್ಲಿ ಇಣುಕಿದರು.

ಪೇಟೆಂಟ್ ಮಾಡಿಸಲು ಅವರ ಹತ್ತಿರ ಹಣ ಇರಲಿಲ್ಲ. ಗುಟ್ಟು ಉಳಿಯುವುದೂ ಸಾಧ್ಯವಿರಲಿಲ್ಲ. ಆಗ ಗಿರಣಿ ಮಾಲೀಕರು, ಯಂತ್ರ ಎಲ್ಲರಿಗೂ ತೋರಿಸಿ, ನಾವು ಚಂದಾ ಕೂಡಿಸಿ ಕೊಡುತ್ತೇವೆ ಎಂದು ಒಪ್ಪಿಸಿದರು. ಪಟ್ಟಿಗೆ ಸಹಿಯನ್ನೂ ಹಾಕಿದರು. ಆದರೆ ಅದು ಕೋರ್ಟಿನಲ್ಲಿ ನಿಲ್ಲುವ ಕರಾರು ಆಗಿರಲಿಲ್ಲ. ಯಂತ್ರ ನೋಡಿದ ಮೇಲೆ ಕೆಲವರು ದುಡ್ಡು ಕೊಡುವುದಿಲ್ಲ ಎಂದುಬಿಟ್ಟರು. ಕೈಗೆ ಬಂದದ್ದು ಸುಮಾರು 60 ಪೌಂಡ್.

ಆರ್ಕ್‌ರೈಟ್ ಕಥೆ ಬೇರೆ. 1785ರಲ್ಲಿ ಕೋರ್ಟು ಅವರ ಪೇಟೆಂಟ್ ರದ್ದು ಮಾಡಿತು. ಆದರೂ ಅಷ್ಟು ಹೊತ್ತಿಗೆ ಅವರ ಗಿರಣಿಗಳು ನಿಂತಿದ್ದವು, ಬಂಡವಾಳ ಇತ್ತು, ಪಾಲುದಾರರು ಇದ್ದರು. 1792ರಲ್ಲಿ ದೊಡ್ಡ ಶ್ರೀಮಂತರಾಗಿ ತೀರಿಕೊಂಡರು.

1811ರಲ್ಲಿ ಕ್ರಾಂಪ್ಟನ್ ತಾವೇ ಊರೂರು ತಿರುಗಿ ಎಣಿಸಿದರು. ಜೆನ್ನಿಯ ಕದಿರು ಒಂದೂವರೆ ಲಕ್ಷ, ವಾಟರ್ ಫ್ರೇಮಿನವು 3 ಲಕ್ಷ, ಮ್ಯೂಲಿನವು 42 ಲಕ್ಷ. ಈ ಲೆಕ್ಕ ಹಿಡಿದು ಪಾರ್ಲಿಮೆಂಟಿಗೆ ಹೋದರು. ಅವರ ಪರವಾಗಿದ್ದ ಪ್ರಧಾನಿ ಸ್ಪೆನ್ಸರ್ ಪರ್ಸಿವಲ್ ಅವರನ್ನು 1812ರ ಮೇ 11ರಂದು ಪಾರ್ಲಿಮೆಂಟಿನ ಲಾಬಿಯಲ್ಲೇ ಒಬ್ಬ ಗುಂಡಿಕ್ಕಿ ಕೊಂದ. ಕೊನೆಗೆ ಮಂಜೂರಾದದ್ದು 5,000 ಪೌಂಡ್. ಆಗ ಒಂದು ಪೌಂಡಿಗೆ 240 ಪೆನ್ಸ್. ನಾನು ಭಾಗಿಸಿ ನೋಡಿದೆ. ಒಂದು ಕದಿರಿಗೆ ಬೀಳುವುದು ಮೂರನೇ ಒಂದು ಪೆನ್ನಿಗಿಂತಲೂ ಕಡಿಮೆ. ಆ ಹಣ ಹಾಕಿ ಮಾಡಿದ ವ್ಯಾಪಾರವೂ ಮುಳುಗಿತು. ಕೊನೆಗೆ ಗೆಳೆಯರು ಕೂಡಿ ವರ್ಷಕ್ಕೆ 63 ಪೌಂಡ್ ಬರುವಂತೆ ಮಾಡಿದರು. 1827ರ ಜೂನ್ 26ರಂದು ಅವರು ತೀರಿಕೊಂಡರು. ಬೋಲ್ಟನ್ನಿನಲ್ಲಿ ಅವರ ಪ್ರತಿಮೆ ನಿಂತದ್ದು 1862ರಲ್ಲಿ.

ಈ ಲೆಕ್ಕದಲ್ಲಿ ನಮ್ಮ ದೇಶದ ನಷ್ಟವೂ ಇದೆ. ಸಣ್ಣ ಮಸ್ಲಿನ್ ಎಂದರೆ ಮೊದಲು ಢಾಕಾ. ಮ್ಯೂಲ್ ಬಂದ ಮೇಲೆ ಇಂಗ್ಲೆಂಡಿನಲ್ಲೇ ಮಸ್ಲಿನ್ ಆಯಿತು, ಆಮೇಲೆ ಅಲ್ಲಿನ ಅಗ್ಗದ ನೂಲು ಇಲ್ಲಿಗೇ ಬಂತು. ಚರಕದಿಂದ ಅನ್ನ ತಿನ್ನುತ್ತಿದ್ದ ಹೆಂಗಸರ ಕೆಲಸ ಹೋಯಿತು. ಯಂತ್ರ ಮಾಡಿದವರೂ ಬಡವರಾಗಿಯೇ ಉಳಿದರು.

ಇದು ಹಳೆಯ ಮಾತು ಎಂದು ನನಗೆ ಅನ್ನಿಸುವುದಿಲ್ಲ. ಕಮಲಾಪುರದಲ್ಲಿ ನಮ್ಮ ಖಾಲಾ ದುಪಟ್ಟಾ, ಬುರ್ಖಾದ ತೋಳುಗಳಿಗೆ ಕಸೂತಿ ಹಾಕುತ್ತಾರೆ. ಹೋದ ವರ್ಷ ಒಬ್ಬ ವ್ಯಾಪಾರಿ, ದೊಡ್ಡ ಆರ್ಡರ್ ಕೊಡುತ್ತೇನೆ ಎಂದು 12 ನಮೂನೆ ಒಯ್ದರು. ಎರಡು ತಿಂಗಳಲ್ಲಿ ಅದೇ ನಮೂನೆ ಬೇರೆಯವರ ಕೈಯಲ್ಲಿ ತಯಾರಾಗಿ ಅಂಗಡಿಗೆ ಬಂತು. ಆ ವ್ಯಾಪಾರಿ ಫೋನ್ ಎತ್ತಲಿಲ್ಲ. ಅಬ್ಬಾ ಕೇಳಿದ್ದು ಒಂದೇ ಪ್ರಶ್ನೆ: ಲಿಖಾಪಢಿ ಏನಾದರೂ ಆಗಿದೆಯಾ? ಆಗಿರಲಿಲ್ಲ. ಅದೇ ಕಮಲಾಪುರದ ಕೆಂಪು ಬಾಳೆಹಣ್ಣಿಗೆ ಜಿಐ ಮಾನ್ಯತೆ ಇದೆ. ಬೇರೆ ಕಡೆ ಬೆಳೆದ ಹಣ್ಣಿಗೆ ಆ ಹೆಸರು ಹಾಕಿ ಮಾರುವಂತಿಲ್ಲ. ಹಣ್ಣಿಗೆ ಇರುವ ಕಾಗದ ಖಾಲಾನ ಕೆಲಸಕ್ಕೆ ಇರಲಿಲ್ಲ.

ನಮ್ಮ ಕಾಲೇಜಿನಲ್ಲಿ ಎಷ್ಟೋ ಜನರ ಅಮ್ಮಿ, ಅಪ್ಪಿಯರು ಮನೆಯಲ್ಲಿ ಹೊಲಿಯುತ್ತಾರೆ, ಕಸೂತಿ ಹಾಕುತ್ತಾರೆ. ಕರಾರು ಎಂದರೇನು ಎಂದು ನಾವು ಪರೀಕ್ಷೆಗೆ ಓದುತ್ತೇವೆ. ಅದನ್ನು ಮನೆಗೂ ಒಯ್ಯೋಣ. ಯಾವ ಮಾಲು, ಎಷ್ಟು ದರ, ಯಾವ ತಾರೀಖಿಗೆ ಹಣ, ನಮೂನೆ ಯಾರದು, ಎರಡೂ ಕಡೆಯವರ ಸಹಿ. ಒಂದು ಹಾಳೆ ಸಾಕು. ಆದರೆ ಅದನ್ನು ಮಾಲು ಕೊಡುವ ಮೊದಲು ಬರೆಯಬೇಕು. ಕ್ರಾಂಪ್ಟನ್ ಮೊದಲು ಯಂತ್ರ ಕೊಟ್ಟರು, ಆಮೇಲೆ ಹಣಕ್ಕೆ ಕಾದರು. ಖಾಲಾನ ಮುಂದಿನ ಆರ್ಡರಿನ ಹಾಳೆಯನ್ನು ನಾನೇ ಬರೆದುಕೊಟ್ಟಿದ್ದೇನೆ. ಈ ಸಲದ ವ್ಯಾಪಾರಿ ಅರ್ಧ ಹಣ ಮುಂಗಡ ಕೊಟ್ಟೇ ಮಾಲು ಒಯ್ದರು.